ಮುನವಳ್ಳಿ ಗೋದಾಮಿನ ದಾಸ್ತಾನು

ನಮ್ಮ ಮನೆಗೆ ವರ್ಷಕ್ಕೊಮ್ಮೆ ಅಪ್ಪನೇ ವಿಳಾಸ ಬರೆದ ಲಕೋಟೆಯೊಂದು ಅಂಚೆಯಲ್ಲಿ ಬರುತ್ತಿತ್ತು. ಅಪ್ಪ ಬೈಲಹೊಂಗಲದ ಎಣ್ಣೆ ಗಿರಣಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಹೆಡ್ ಕ್ಲಾರ್ಕ್ ಆಗಿದ್ದ. ಆ ಕಂಪನಿಯ ಹತ್ತು ಶೇರು ಅವನ ಅಕ್ಕ ನೀಲಮ್ಮನ ಹೆಸರಿನಲ್ಲಿದ್ದವು. ನಮಗೆ ಆಕೆ ನೀಲತ್ತಿ. ಗಂಡ ತೀರಿಕೊಂಡ ಮೇಲೆ ಸವದತ್ತಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಗಣಿತ ಕಲಿಸಿ, ಕಣ್ಣಿಗೆ ಪೊರೆ ಬಂದಾಗ ನೌಕರಿ ಬಿಟ್ಟು ನಮ್ಮ ಜೊತೆಗೆ ಇರಲು ಬಂದಿದ್ದಳು. ನಾವಿದ್ದದ್ದು ಗಿರಣಿಯ ಹಿಂಭಾಗದ ಕ್ವಾರ್ಟರ್ಸಿನಲ್ಲಿ. ಅಪ್ಪನ ಮೇಜಿನಿಂದ ನಮ್ಮ ಹೊಸ್ತಿಲಿಗೆ ಐದು ನಿಮಿಷದ ದಾರಿಯೂ ಇರಲಿಲ್ಲ. ಆದರೂ ಕಂಪನಿಯ ವಾರ್ಷಿಕ ವರದಿಯನ್ನು ಅಪ್ಪ ಕೈಯಲ್ಲಿ ತಂದುಕೊಡುತ್ತಿರಲಿಲ್ಲ. ಶೇರುದಾರರಿಗೆ ಅದು ಅಂಚೆಯಲ್ಲೇ ಹೋಗಬೇಕು. ಹಾಗಾಗಿ ಅಪ್ಪ ತನ್ನ ದುಂಡನೆಯ ಅಕ್ಷರದಲ್ಲಿ ಅಕ್ಕನ ಹೆಸರು ಬರೆದು, ಸ್ಟಾಂಪು ಹಚ್ಚಿ, ಡಬ್ಬಿಗೆ ಹಾಕಿಸುತ್ತಿದ್ದ. ಮೂರನೆಯ ದಿನ ಪೋಸ್ಟಿನವನು ಊರು ಸುತ್ತಿ ಬಂದು ಅದನ್ನು ಅತ್ತಿಯ ಕೈಗೆ ಕೊಡುತ್ತಿದ್ದ. ಮನೆಯಲ್ಲಿ ಅದನ್ನು ಯಾರೂ ವಿಚಿತ್ರವೆಂದು ಭಾವಿಸಿರಲಿಲ್ಲ.

ಮನೆಯೆಂದರೆ ಒಂದರ ಹಿಂದೊಂದು ಮೂರು ಕೋಣೆ, ಮೇಲೆ ತಗಡಿನ ಪತ್ರಾಸು. ಗೋಡೆಗಳಿಗೆ, ಹಾಸಿಗೆಗೆ, ನಮ್ಮ ಜಡೆಗಳಿಗೂ ಹತ್ತಿಕಾಳಿನ ಎಣ್ಣೆಯ ವಾಸನೆ. ಗಿರಣಿಯ ಯಂತ್ರ ಶುರುವಾಯಿತೆಂದರೆ ಗೋಡೆಯ ಮಾಡದಲ್ಲಿಟ್ಟ ತಾಟುಗಳು ಸಣ್ಣಗೆ ಅಲುಗುತ್ತಿದ್ದವು. ನಮಗೆ ಅದು ಕೇಳಿಸುತ್ತಿರಲಿಲ್ಲ, ನಿಂತಾಗ ಮಾತ್ರ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದೆವು. ಮುಂಜಾನೆ ಏಳಕ್ಕೆ ಗಿರಣಿಯ ಭೋಂಗಾ ಕೂಗುವುದರೊಳಗೆ ಅಪ್ಪ ಸ್ನಾನ ಮುಗಿಸಿ, ನಡುಮನೆಯ ಮೂಲೆಯಲ್ಲಿ ಕುಳಿತು ಲಿಂಗಪೂಜೆ ಮಾಡಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡೇ ರೊಟ್ಟಿಗೆ ಕೂಡುತ್ತಿದ್ದ. ಅವ್ವ ರೊಟ್ಟಿ ಬಡಿಯುವ ಸದ್ದು, ಅತ್ತಿ ಹಿತ್ತಲಲ್ಲಿ ಮುಖ ತೊಳೆಯುವ ಸದ್ದು, ಭೋಂಗಾ. ಈ ಮೂರೂ ಕೂಡಿದರೆ ನನಗೆ ಬೆಳಗು. ಮನೆ ನಮ್ಮದಲ್ಲ, ಕಂಪನಿಯದು ಎಂಬುದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೂ ಅದರಿಂದ ಹೆದರುವುದಕ್ಕೂ ನಡುವೆ ಇರುವ ಅಂತರವನ್ನು ನಾನು ದಾಟಿದ್ದು ಹನ್ನೆರಡನೆಯ ವಯಸ್ಸಿನಲ್ಲಿ.

ಅತ್ತಿಯ ಕಣ್ಣು ಮಂಜಾದ ಮೇಲೆ ವರದಿ ಓದಿ ಹೇಳುವ ಕೆಲಸ ನನ್ನದಾಗಿತ್ತು. ಭಾನುವಾರ ಮಧ್ಯಾಹ್ನ, ಊಟವಾದ ಬಳಿಕ, ಅಡಿಗೆಮನೆಯ ತಂಪು ನೆಲದ ಮೇಲೆ ಇಬ್ಬರೂ ಕೂಡುತ್ತಿದ್ದೆವು. ವರದಿ ಇಂಗ್ಲಿಷಿನಲ್ಲಿರುತ್ತಿತ್ತು. ನಾನು ಅಕ್ಷರ ಕೂಡಿಸಿ ಓದುತ್ತಿದ್ದೆ, ಅತ್ತಿ ಅರ್ಥ ಹೇಳುತ್ತಿದ್ದಳು. ಆಕೆಯ ಗಂಡ ಧಾರವಾಡದಲ್ಲಿ ಒಬ್ಬ ಆಡಿಟರ ಹತ್ತಿರ ಕೆಲಸಕ್ಕಿದ್ದವರು. ಮದುವೆಯಾದ ಏಳು ವರ್ಷಗಳಲ್ಲಿ ಆಕೆಗೆ ಕಲಿಸಿಹೋದದ್ದು ಇದನ್ನೇ. ಅತ್ತಿ ವರದಿಯನ್ನು ಹಿಂದಿನಿಂದ ಓದಿಸುತ್ತಿದ್ದಳು. ಮೊದಲು ಕಡೆಯ ಪುಟದ ಸಣ್ಣ ಅಕ್ಷರದ ಟಿಪ್ಪಣಿಗಳು, ಆಮೇಲೆ ಆಡಿಟರ ಮಾತು, ಆಮೇಲೆ ಅಂಕಿಗಳು, ಎಲ್ಲಕ್ಕೂ ಕೊನೆಗೆ ಮೊದಲ ಪುಟದಲ್ಲಿ ಫೋಟೊ ಸಮೇತ ಇರುವ ಅಧ್ಯಕ್ಷರ ಭಾಷಣ. ಬ್ಯಾಂಕುಗಳಿಗಾಗಿ ಕಂಪನಿಗಳ ಲೆಕ್ಕ ಓದುವ ಕೆಲಸದಲ್ಲಿ ನಾನು ಮೂವತ್ತು ವರ್ಷ ಕಳೆದಿದ್ದೇನೆ. ಈಗ ವರದಿಗಳು ಮೊಬೈಲಿಗೇ ಬರುತ್ತವೆ. ನಾನು ಇವತ್ತಿಗೂ ಬೆರಳಿನಿಂದ ತಳ್ಳಿ ತಳ್ಳಿ ಮೊದಲು ಕಡೆಯ ಪುಟಕ್ಕೇ ಹೋಗುತ್ತೇನೆ. ನಾವು ಓದುವಾಗ ಅಪ್ಪ ಪಡಸಾಲೆಯಲ್ಲಿ ಮಲಗಿರುತ್ತಿದ್ದ. ನಿದ್ದೆ ಮಾಡುತ್ತಿರಲಿಲ್ಲವೆಂದು ನನಗೆ ಅನಿಸುತ್ತಿತ್ತು. ತಾನು ಬರೆದ ಅಂಕಿಗಳನ್ನು ಮಗಳು ಗಟ್ಟಿಯಾಗಿ ಓದುವುದನ್ನು ಅವನು ಕೇಳುತ್ತಿದ್ದ. ಅಕ್ಕ ಅವನಿಗೆ ಕಂಪನಿಯ ಬಗ್ಗೆ ಏನೂ ಕೇಳುತ್ತಿರಲಿಲ್ಲ, ತಮ್ಮ ಏನೂ ಹೇಳುತ್ತಿರಲಿಲ್ಲ. ಅದು ಅವರಿಬ್ಬರ ನಡುವಿನ ಕರಾರು.

ಆ ವರ್ಷದ ವರದಿಯಲ್ಲಿ ಲಾಭ ಒಂದೂವರೆ ಪಟ್ಟು ಆಗಿತ್ತು. ಡಿವಿಡೆಂಡೂ ಹೆಚ್ಚು. ಅದರ ಜೊತೆಗೆ ಒಂದು ಗುಲಾಬಿ ಕಾಗದ: ಕಂಪನಿ ಸಾರ್ವಜನಿಕರಿಂದ ಠೇವಣಿ ತೆಗೆದುಕೊಳ್ಳುತ್ತದೆ, ಬ್ಯಾಂಕಿಗಿಂತ ಹೆಚ್ಚು ಬಡ್ಡಿ. ನನಗೆ ಖುಷಿಯಾಯಿತು. ಅತ್ತಿ ಮಾತ್ರ ತನ್ನ ನೋಟ್‌ಬುಕ್ಕಿನಲ್ಲಿ ಹಿಂದಿನ ಮೂರು ವರ್ಷದ ಅಂಕಿಗಳ ಪಕ್ಕ ಈ ವರ್ಷದ್ದನ್ನು ದಪ್ಪ ಅಕ್ಷರದಲ್ಲಿ ಬರೆಸಿ, ಪುಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಲಾಭ ಐತಿ. ಆದ್ರ ಕೈಯಾಗ ರೊಕ್ಕ ಇಲ್ಲ. ಸಾಲಾನೂ ಹೆಚ್ಚಾಗೇತಿ. ಹಂಗಾದ್ರ ಲಾಭ ಎಲ್ಲಿ ಕುಂತೈತಿ, ಹುಡುಕು."

ನಾನು ಹುಡುಕಿದೆ. ವರ್ಷದ ಕೊನೆಯಲ್ಲಿ ಮಾರಾಟವಾಗದೆ ಉಳಿದ ಮಾಲು, ಅಂದರೆ ದಾಸ್ತಾನು, ಹಿಂದಿನ ವರ್ಷಕ್ಕಿಂತ ಎರಡು ಪಟ್ಟಾಗಿತ್ತು. ಉಳಿದ ಮಾಲಿಗೂ ಲಾಭಕ್ಕೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ. ಅತ್ತಿ ಮೂಲೆಯಲ್ಲಿದ್ದ ಜೋಳದ ಚೀಲ ತೋರಿಸಿದಳು.

"ತಿಂಗಳ ಮೊದಲಿಗೆ ಎರಡ ಚೀಲ ಇತ್ತು, ನಡುವ ಒಂದ ತಂದ್ವಿ. ಈಗ ಒಂದ ಉಳದೈತಿ. ಎಷ್ಟ ಉಂಡ್ವಿ?"

"ಎರಡು."

"ಉಳದದ್ದು ಎರಡು ಅಂತ ನಿಮ್ಮವ್ವ ಚೀಟಿ ಮ್ಯಾಲ ಬರದಳು ಅಂತಿಟಕೊ. ಆಗ?"

"ಒಂದ ಉಂಡಂಗ ಆತು."

"ನಿಮ್ಮವ್ವ ಭಾಳ ಹಿಡತದ ಹೆಣಮಗಳು ಅಂತ ಆತು. ಚೀಟಿ ಮ್ಯಾಲ. ಹೊಟ್ಟಿಗೆ ಹೋದದ್ದು ಎರಡೂ ಹೋಗೇತಿ. ಕಂಪನ್ಯಾಗೂ ಹಂಗ, ಉಳದದ್ದು ಹೆಚ್ಚ ಬರದ್ರ ಖರ್ಚು ಕಡಿಮಿ, ಲಾಭ ಹೆಚ್ಚ."

ಆಮೇಲೆ ನಾನು ಟಿಪ್ಪಣಿಗಳನ್ನು ಓದಿದೆ. ಅವುಗಳಲ್ಲೊಂದರ ಪ್ರಕಾರ ದಾಸ್ತಾನಿನ ಪೈಕಿ ಒಂಬತ್ತು ಸಾವಿರ ಚೀಲ ಹತ್ತಿಕಾಳು ಕಂಪನಿಯ ಮುನವಳ್ಳಿ ಗೋದಾಮಿನಲ್ಲಿದೆ, ಅದನ್ನು ಬ್ಯಾಂಕಿನ ಸಾಲಕ್ಕೆ ಅಡವಾಗಿ ಇಡಲಾಗಿದೆ, ಮತ್ತು ಅದರ ಪ್ರಮಾಣ 'ಆಡಳಿತ ಮಂಡಳಿ ದೃಢೀಕರಿಸಿದಂತೆ'. ಹಾಗೆಂದರೆ ಆಡಿಟರು ಹೋಗಿ ನೋಡಿಲ್ಲವೆಂದರ್ಥ ಎಂದಳು ಅತ್ತಿ. ಅಷ್ಟರಲ್ಲಿ ನನಗೆ ನೆನಪಾಯಿತು. ನಾನು ಯೋಚಿಸಲಿಲ್ಲ, ಓದಿನ ನಡುವೆ ಗೊತ್ತಿರುವ ಊರಿನ ಹೆಸರು ಬಂದ ಖುಷಿಗೆ ಹೇಳಿಬಿಟ್ಟೆ.

"ಮುನವಳ್ಳಿ ಗೋದಾಮಂದ್ರ ಸುಮಕ್ಕನ ಲಗ್ನ ಆತಲ್ಲ, ಅದ. ಅಲ್ಲಿ ಒಂದೂ ಚೀಲ ಇರಲಿಲ್ಲತ್ತಿ. ನಾವು ಈ ಗ್ವಾಡಿಯಿಂದ ಆ ಗ್ವಾಡಿಗೆ ಓಡೂ ಆಟ ಆಡಿದ್ವಿ."

ಸುಮಕ್ಕ ಅತ್ತಿಯ ಗಂಡನ ಅಣ್ಣನ ಮಗಳು. ಕಲ್ಯಾಣಮಂಟಪ ಸಿಗದೆ, ಕಂಪನಿಯ ಗೋದಾಮು ಖಾಲಿ ಇದೆಯೆಂದು ಅವಳ ಮನೆಯವರು ಕಂಪನಿಯ ಅಧ್ಯಕ್ಷರನ್ನು ಕೇಳಿ ಪಡೆದಿದ್ದರು. ಅತ್ತಿ ಎದ್ದುಹೋಗಿ, ತನ್ನ ಟ್ರಂಕಿನಿಂದ ಲಗ್ನಪತ್ರಿಕೆ ತಂದು ನನ್ನ ಕೈಗಿಟ್ಟಳು. ನಾನು ಓದಿದೆ. ಲಗ್ನ ನಡೆದದ್ದು ಮಾರ್ಚ್ ತಿಂಗಳ ಕೊನೆಯ ದಿನ. ವರದಿಯಲ್ಲಿ ಒಂಬತ್ತು ಸಾವಿರ ಚೀಲ ಅಲ್ಲಿತ್ತೆಂದು ಬರೆದದ್ದೂ ಅದೇ ದಿನದ ಲೆಕ್ಕ. ಪಡಸಾಲೆಯಲ್ಲಿ ಹಾಸಿಗೆ ಮಡಚುವ ಸದ್ದು ಕೇಳಿಸಿತು. ಭಾನುವಾರವಾದರೂ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅವನು ಮರಳಿ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು.

ಸಭೆಗೆ ಇನ್ನೂ ಮೂರು ವಾರವಿತ್ತು. ಅತ್ತಿ ಮರುದಿನವೇ ನನ್ನಿಂದ ಕಂಪನಿಗೆ ಒಂದು ಕಾಗದ ಬರೆಸಿದಳು. ಮಾರ್ಚ್ ಕೊನೆಯ ದಿನ ಮುನವಳ್ಳಿ ಗೋದಾಮಿನಲ್ಲಿ ಎಷ್ಟು ಚೀಲ ಇದ್ದವು, ಎಣಿಸಿದವರು ಯಾರು, ಸಭೆಯಲ್ಲಿ ತಿಳಿಸಬೇಕು. ಅಷ್ಟೇ. ಅದೂ ಅಂಚೆಯಲ್ಲೇ ಹೋಯಿತು. ಕಂಪನಿಗೆ ಬಂದ ಕಾಗದಗಳನ್ನು ಒಡೆದು ಪುಸ್ತಕದಲ್ಲಿ ದಾಖಲಿಸುವುದು ಅಪ್ಪನ ಕೆಲಸ. ಮಗಳ ಅಕ್ಷರದ, ಅಕ್ಕನ ಸಹಿಯ ಆ ಕಾಗದಕ್ಕೆ ಅವನು ನಂಬರು ಹಾಕಿ ಅಧ್ಯಕ್ಷರ ಮೇಜಿನ ಮೇಲೆ ಇಟ್ಟಿರಬೇಕು. ಆ ದಿನ ಮಧ್ಯಾಹ್ನ ಊಟಕ್ಕೆ ಬಂದವನು ಎರಡನೆಯ ರೊಟ್ಟಿ ಮುಟ್ಟಲಿಲ್ಲ.

"ಕಾಗದಾ ಮುಟ್ಟೇತಿ," ಎಂದ, ತಾಟು ನೋಡುತ್ತ.

"ಮುಟ್ಟಬೇಕಲ್ಲ," ಎಂದಳು ಅತ್ತಿ.

ಎರಡು ದಿನ ಬಿಟ್ಟು ಸಾಹುಕಾರರು ತಾವೇ ನಮ್ಮ ಮನೆಗೆ ಬಂದರು. ಕಂಪನಿಯ ಅಧ್ಯಕ್ಷರಾದ ಅವರನ್ನು ಎಲ್ಲರೂ ಸಾಹುಕಾರರೆಂದೇ ಕರೆಯುತ್ತಿದ್ದರು. ಬಿಳಿ ಅಂಗಿ, ಬಿಳಿ ಧೋತರ, ಮೆತ್ತಗಿನ ಮಾತು. ಅವರು ಯಾರ ಮೇಲೂ ದನಿ ಏರಿಸಿದ್ದನ್ನು ಕ್ವಾರ್ಟರ್ಸಿನಲ್ಲಿ ಯಾರೂ ಕೇಳಿರಲಿಲ್ಲ. ಅವ್ವ ಗಡಿಬಿಡಿಯಿಂದ ಚಹಾ ಮಾಡಿದಳು. ಅಪ್ಪ ನಿಂತೇ ಇದ್ದ. ಅತ್ತಿ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು, ನಾನು ಆಕೆಯ ಬೆನ್ನಿಗೆ.

"ಬಾಯಾರ, ನಿಮ್ಮ ಹತ್ತ ಶೇರ್ ನಮಗ ಕೊಟ್ಟಬಿಡ್ರಿ. ಮೂರ ಪಟ್ಟು ರೊಕ್ಕಾ ಕೊಡತೇನಿ. ಕಣ್ಣಿನ ಆಪರೇಶನ್‌ಗೆ ಆಕ್ಕೈತಿ."

"ಅಷ್ಟ ಬೆಲಿ ಇದ್ರ ನಾ ಯಾಕ ಮಾರಲ್ರಿ, ಸಾಹುಕಾರ?"

ಅವರು ನಕ್ಕರು. ಚಹಾ ಪೂರ್ತಿ ಕುಡಿದರು. ಹೊರಡುವಾಗ ತಲೆಯೆತ್ತಿ ಮೇಲಿನ ಪತ್ರಾಸನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನೋಡಿದರು.

"ಸೋರತೈತೇನ್ರಿ? ಈ ಮನಿ ಖಾಲಿ ಮಾಡಿಸಿ ರಿಪೇರಿ ಮಾಡಸೂದೈತಿ. ಯಾವಾಗಂತ ನೋಡಾಕ ಹತ್ತೇನಿ."

ಮಾತು ಅಪ್ಪನಿಗೆ ಹೇಳಿದ್ದು, ಆದರೆ ಅವರು ನೋಡಿದ್ದು ಅವ್ವನ ಕಡೆ. ಅವರು ಹೋದ ಮೇಲೆ ಅವ್ವ ಚಹಾದ ಬಟ್ಟಲು ತೊಳೆಯಲು ಎತ್ತಿಕೊಂಡವಳು ಅದನ್ನು ಅಲ್ಲೇ ಇಟ್ಟಳು. ಅವ್ವ ಕಿತ್ತೂರಿನ ಹತ್ತಿರದ ದೇಗಾಂವದ ಒಕ್ಕಲುತನದ ಮನೆಯವಳು; ಎಂಟು ಜನ ಒಡಹುಟ್ಟಿದವರ ನಡುವೆ ತನ್ನದೆಂಬ ಒಂದು ಮೂಲೆಯಿಲ್ಲದೆ ಬೆಳೆದವಳು. ಈ ಮೂರು ಕೋಣೆಗಳನ್ನು ಆಕೆ ವಾರಕ್ಕೆರಡು ಸಲ ಸಾರಿಸುತ್ತಿದ್ದಳು. ಅತ್ತಿಗೆ ಎಂದೂ ಎದುರು ಮಾತಾಡಿದವಳಲ್ಲ.

"ಅಕ್ಕಾರ, ನಿಮ್ಮ ಹತ್ತ ಶೇರಿನ ಸಲುವಾಗಿ ನನ್ನ ಮನಿ ತಗೀತೀರೇನು?"

"ಪಾರ್ವತಿ, ಇದು ನನ್ನ ಶೇರಿಂದಲ್ಲ. ಜನಾ ಠೇವಣಿ ಇಡಾಕ ಹತ್ಯಾರ."

"ಜನಾ ನಮಗ ಅನ್ನಾ ಹಾಕತಾರೇನು? ನಾ ಲಗ್ನದ ದಿನಾ ಅಡಿಗಿ ಕಡೆ ಇದ್ದೆ, ನಾ ಏನೂ ನೋಡಿಲ್ಲ. ಈ ಹುಡುಗಿನೂ ಏನೂ ನೋಡಿಲ್ಲ. ಇಷ್ಟ ಹೇಳತೇನಿ."

ಆ ಮೇಲೆ ಅವ್ವ ಅತ್ತಿಯ ಜೊತೆ ಮಾತು ಬಿಟ್ಟಳು. ಊಟಕ್ಕೆ ಬಡಿಸುತ್ತಿದ್ದಳು, ಬಡಿಸುವಾಗ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಊಟಕ್ಕ ಹಾಕೇನಿ' ಎಂದು ಗೋಡೆಗೆ ಹೇಳುತ್ತಿದ್ದಳು. ಅಪ್ಪನ ಪೂಜೆ ದಿನದಿಂದ ದಿನಕ್ಕೆ ಉದ್ದವಾಗುತ್ತ ಹೋಯಿತು. ಭೋಂಗಾ ಕೂಗಿದ ಮೇಲೂ ಕಣ್ಣು ಮುಚ್ಚಿ ಕೂತಿರುತ್ತಿದ್ದ. ನನಗೆ ಎಲ್ಲರಿಗಿಂತ ಹೆಚ್ಚು ನನ್ನ ಮೇಲೆಯೇ ಸಿಟ್ಟು. ನಾನು ಬಾಯಿ ಬಿಡದಿದ್ದರೆ ಮನೆ ಮನೆಯಾಗಿಯೇ ಇರುತ್ತಿತ್ತು. ಸಾಲೆಯಿಂದ ಬರುವಾಗ ಕ್ವಾರ್ಟರ್ಸಿನ ತಿರುವಿನಲ್ಲಿ ನಿಂತು, ನಮ್ಮ ಬಾಗಿಲ ಮುಂದೆ ಸಾಮಾನು ಇಟ್ಟಿದ್ದಾರೇನೋ ಎಂದು ಮೊದಲು ಇಣುಕಿ ನೋಡಿ ಆಮೇಲೆ ಮುಂದೆ ಬರುತ್ತಿದ್ದೆ.

ಒಂದು ಬೆಳಿಗ್ಗೆ ಅಪ್ಪ ಪೂಜೆಯಿಂದೆದ್ದು ನನ್ನನ್ನು ಹಿತ್ತಲಿಗೆ ಕರೆದ. ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ. ನನ್ನ ಮುಖ ನೋಡದೆ, ನಳದ ಕೆಳಗಿನ ಕೊಡ ನೋಡುತ್ತ ಮಾತಾಡಿದ.

"ಗೌರೀ, ಗೋದಾಮಿನ್ಯಾಗ ಹಿಂದ ಒಂದ ಪರದೆ ಕಟ್ಟಿದ್ರಲ್ಲ?"

"ಕಟ್ಟಿದ್ರು. ಮದಮಗಳ ಸೀರಿ ಉಡಿಸೋ ಕಡೆ."

"ಅದರ ಹಿಂದ ಚೀಲಾ ಇದ್ದೂ ಅಂತ ಅತ್ತಿಗೆ ಹೇಳು. ನೀ ಮರ್ತಿದ್ದೆ, ಈಗ ನೆನಪಾತು ಅಂತ ಹೇಳು."

ಅಲ್ಲಿ ಚೀಲ ಇರಲಿಲ್ಲ. ಪರದೆಯ ಹಿಂದೆ ನಾನೇ ಸುಮಕ್ಕನ ಬಳೆಯ ಡಬ್ಬಿ ಹಿಡಿದು ನಿಂತಿದ್ದೆ. ಅದು ಅಪ್ಪನಿಗೂ ಗೊತ್ತಿತ್ತು. ನಾನು ಆಯಿತೆಂದೆ. ಅಪ್ಪ ನನ್ನಿಂದ ಏನನ್ನಾದರೂ ಬೇಡಿದ್ದು ಅದೇ ಮೊದಲು. ಬೇಡುವಾಗ ಅವನ ಕೈ ನಳದ ತಿರುಪನ್ನು ಸುಮ್ಮನೆ ತಿರುಗಿಸುತ್ತಿತ್ತು. ಮಧ್ಯಾಹ್ನ ಸಾಲೆಯಿಂದ ಬಂದು, ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತಿಯ ಎದುರು ಕೂತು ನಾನು ಹೇಳಿದೆ. ಅತ್ತಿ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಹೌದೇನು? ಎಷ್ಟ ಸಾಲು ಇದ್ದೂ?"

"ಮೂರು."

"ಒಂದ ಸಾಲಿಗೆ ಎಷ್ಟ ಚೀಲ ಹಿಡಿತಾವ ಆ ಗ್ವಾಡಿ ಉದ್ದಕ?"

"ಇಪ್ಪತ್ತ ಇರಬೇಕು."

"ಎತ್ತರ?"

"ಅಪ್ಪನಷ್ಟು."

"ಅಂದ್ರ ಹತ್ತ ಥರ. ಮೂರಿಪ್ಪತ್ತಲೆ ಅರವತ್ತು, ಅರವತ್ತ ಹತ್ತಲೆ ಆರನೂರು." ಆಕೆ ಕೈಯಲ್ಲಿದ್ದ ಕಾಳನ್ನು ಬುಟ್ಟಿಗೆ ಹಾಕಿದಳು. "ಬೇಕಾಗಿದ್ದು ಒಂಬತ್ತ ಸಾವಿರ. ನಿನ್ನ ಮಾತು ಹಿಡಿದರೂ ತಾಳೆ ಆಗೂದಿಲ್ಲ, ಕೂಸ."

ನನ್ನ ಸುಳ್ಳಿಗೆ ಆಕೆ ಬಯ್ಯಲಿಲ್ಲ. ಅದನ್ನೂ ಒಂದು ಲೆಕ್ಕವೆಂದು ತೆಗೆದುಕೊಂಡು ಗುಣಿಸಿ ನೋಡಿ, ಹೊಂದುವುದಿಲ್ಲವೆಂದು ಮರಳಿ ಕೊಟ್ಟಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಅಳತೊಡಗಿದಾಗ ತನ್ನ ಸೆರಗಿನಿಂದ ನನ್ನ ಮೂಗು ಒರೆಸಿದಳು, ಹೇಳಿಸಿದವರು ಯಾರೆಂದು ಕೇಳಲಿಲ್ಲ. ಸಂಜೆ ಅಪ್ಪ ಊಟಕ್ಕೆ ಕೂತಾಗ, ಅವ್ವ ಪಲ್ಯ ಬಡಿಸುತ್ತಿದ್ದಾಗ, ಮೆಲ್ಲಗೆ ತಮ್ಮನ ಕಡೆ ತಿರುಗಿದಳು.

"ಕೂಸಿನ ಬಾಯಿಲೆ ಹೇಳಸಬ್ಯಾಡ. ನೀನ ಹೇಳು."

"ಏನ ಹೇಳಲೆಕ್ಕಾ?"

"ನೀ ಎಣಿಸಿಯೇನು?"

ಅವ್ವನ ಕೈಯಲ್ಲಿನ ಸೌಟು ಗಾಳಿಯಲ್ಲೇ ನಿಂತಿತ್ತು. ಇಪ್ಪತ್ತು ವರ್ಷ ಅನ್ನ ಕೊಟ್ಟ ಕಂಪನಿ, ಎಂದನೇನೋ ಅಪ್ಪ. ತಾಟಿನಲ್ಲೇ ಕೈ ತೊಳೆದು ಎದ್ದ. ಹಾಗೆ ನಮ್ಮ ಮನೆಯಲ್ಲಿ ಯಾರೂ ಮಾಡುತ್ತಿರಲಿಲ್ಲ.

ಸಭೆಯ ಹಿಂದಿನ ದಿನ ಕಲ್ಲವ್ವ ಬಂದಳು. ಗಿರಣಿಯಲ್ಲಿ ಕಾಳು ಹಸನು ಮಾಡುವ ಹೆಂಗಸು, ಮೂರು ಮನೆ ಆಚೆಗಿದ್ದವಳು. ಗಂಡನಿಲ್ಲ, ಲಗ್ನದ ವಯಸ್ಸಿಗೆ ಬಂದ ಒಬ್ಬಳು ಮಗಳು. ಹೊಲದ ತುಂಡು ಮಾರಿ ಬಂದ ಹಣವನ್ನು ಹಳೆಯ ಇಳಕಲ್ ಸೀರೆಯ ಚೂರಿನಲ್ಲಿ ಗಂಟು ಕಟ್ಟಿಕೊಂಡು ತಂದಿದ್ದಳು. ಕಂಪನಿಯಲ್ಲಿ ಠೇವಣಿ ಇಡಬೇಕು, ಫಾರ್ಮು ತುಂಬಿಕೊಡ್ರಿ ಎಂದು ಗಂಟನ್ನು ಅಪ್ಪನ ಮುಂದೆ ಇಟ್ಟಳು. ಠೇವಣಿಯ ಫಾರ್ಮುಗಳ ಕಟ್ಟು ಅಪ್ಪನ ಚೀಲದಲ್ಲೇ ಇತ್ತು. ಒಳಗಿನಿಂದ ಅತ್ತಿ ಬಂದು ನಿಂತಳು. ಅವ್ವ ಒಲೆಯ ಮುಂದಿನಿಂದ ಕತ್ತು ತಿರುಗಿಸಿ ಅಪ್ಪನನ್ನು ನೋಡುತ್ತಿದ್ದಳು. ಅಪ್ಪ ಫಾರ್ಮು ತೆಗೆದ, ಪೆನ್ನಿನ ಮುಚ್ಚಳ ತೆಗೆದ, ಕಲ್ಲವ್ವನ ಹೆಸರು ಬರೆದ. ಆಮೇಲೆ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದ.

"ನಾಳಿ ಸಭಾ ಮುಗಿದ ಮ್ಯಾಲ ಬಾ ಕಲ್ಲವ್ವ," ಎಂದ. "ಇವತ್ತ ಗಂಟ ಮನ್ಯಾಗ ಇಟಕೊ."

"ಯಾಕ್ರಿಯಪ್ಪಾ, ಒಂದ ದಿನದ ಬಡ್ಡಿ ಹೋಗೂದಿಲ್ಲೇನು?"

"ಹೋಗಲಿ."

ಸಭೆ ಗಿರಣಿಯ ಅಂಗಳದಲ್ಲಿ, ಪೆಂಡಾಲಿನ ಕೆಳಗೆ. ಶೇರುದಾರರಿಗೆ ಕುರ್ಚಿ, ಹಿಂದೆ ನಿಂತು ನೋಡಲು ಗಿರಣಿಯ ಕೆಲಸದವರು. ಶಿರಾ, ಉಪ್ಪಿಟ್ಟಿನ ವಾಸನೆ. ಅತ್ತಿಗೆ ಓದಿ ಹೇಳಬೇಕಾದ್ದರಿಂದ ನನಗೂ ಆಕೆಯ ಪಕ್ಕ ಜಾಗ ಸಿಕ್ಕಿತ್ತು. ವೇದಿಕೆಯ ಮೇಲೆ ಸಾಹುಕಾರರು, ಇನ್ನು ಮೂವರು ನಿರ್ದೇಶಕರು, ಬೆಳಗಾವಿಯಿಂದ ಬಂದ ಆಡಿಟರು. ಕೆಳಗೆ ಒಂದು ಸಣ್ಣ ಮೇಜಿನ ಹಿಂದೆ ನಡಾವಳಿ ಬರೆಯಲು ಅಪ್ಪ. ಲಾಭದ ಅಂಕಿ ಹೇಳಿದಾಗ ಚಪ್ಪಾಳೆ ಬಿತ್ತು. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದಾಗ ಅತ್ತಿ ಎದ್ದು ನಿಂತಳು. ನನ್ನ ಭುಜದ ಮೇಲೆ ಆಕೆಯ ಕೈ ಇತ್ತು. ಕಾಗದದಲ್ಲಿದ್ದ ಪ್ರಶ್ನೆಯನ್ನೇ ಕೇಳಿದಳು, ಒಂದು ಶಬ್ದವನ್ನೂ ಹೆಚ್ಚು ಸೇರಿಸದೆ. ಲಗ್ನದ ಮಾತು ಎತ್ತಲಿಲ್ಲ. ಯಾಕೆ ಎತ್ತಲಿಲ್ಲವೆಂದು ಆಮೇಲೆ ನಾನು ಕೇಳಿದಾಗ, ತಮ್ಮನಿಗೆ ತಾನಾಗಿ ಹೇಳಲು ಒಂದು ಬಾಗಿಲು ಬಿಡಬೇಕಿತ್ತು ಎಂದಳು.

ಸಾಹುಕಾರರು ನಗುತ್ತಲೇ ಮೈಕು ಹಿಡಿದರು.

"ಬಾಯಾರು ಮನ್ಯಾಗ ಕೇಳೂದನ್ನ ಇಲ್ಲಿ ಕೇಳಾಕ ಹತ್ಯಾರ. ಲೆಕ್ಕಾ ಬರದವರು ಅವರ ತಮ್ಮನ ಅದಾರ. ಏಳ್ರಿ, ನಿಮ್ಮಕ್ಕಗ ಉತ್ತರಾ ಕೊಡ್ರಿ."

ಜನ ನಕ್ಕರು. ಅಪ್ಪ ಎದ್ದ. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಅವನು ಅತ್ತಿಯ ಕಡೆ ನೋಡಲಿಲ್ಲ, ಸಾಹುಕಾರರ ಕಡೆಯೂ ನೋಡಲಿಲ್ಲ. ನನ್ನ ಕಡೆ ನೋಡಿದ. ನಾನು ಕಣ್ಣು ತಗ್ಗಿಸಬೇಕೆಂದುಕೊಂಡೆ, ಆಗಲಿಲ್ಲ.

"ಒಂಬತ್ತ ಸಾವಿರ ಚೀಲ ಅನ್ನೂದು ನನಗ ಹೇಳಿ ಬರಸಿದ ಅಂಕಿ," ಎಂದ ಅಪ್ಪ. "ನಾ ಎಣಿಸಿಲ್ಲ. ಎಣಿಸಿದವರು ಯಾರಂತ ನನಗ ಗೊತ್ತಿಲ್ಲ."

ಅಷ್ಟನ್ನೇ ಹೇಳಿ ಕೂತ. ಗೋದಾಮು ಖಾಲಿ ಇತ್ತೆಂದು ಅವನು ಹೇಳಲಿಲ್ಲ. ಅಷ್ಟು ದೂರ ಅವನಿಗೆ ಹೋಗಲಾಗಲಿಲ್ಲ. ಆಡಿಟರು ತಮ್ಮ ಕಾಗದಗಳಲ್ಲಿ ಏನನ್ನೋ ಹುಡುಕತೊಡಗಿದರು. ಎಣಿಸುವುದು ಕ್ಲಾರ್ಕರ ಕೆಲಸವಲ್ಲ, ಬರೆಯುವುದು ಅವರ ಕೆಲಸ ಎಂದು ಸಾಹುಕಾರರು ಹೇಳಿ ಲೆಕ್ಕವನ್ನು ಮತಕ್ಕೆ ಹಾಕಿದರು. ಕೈಗಳು ಎದ್ದವು, ಲೆಕ್ಕ ಮಂಜೂರಾಯಿತು. ಅಪ್ಪ ನಡಾವಳಿಯಲ್ಲಿ ಅದನ್ನೂ ಬರೆದ, ತನ್ನ ಉತ್ತರವನ್ನೂ ಬರೆದ. ಸೋತೆವೆಂದು ನನಗೆ ಅನಿಸಿತು. ಆದರೆ ಹಿಂದೆ ನಿಂತವರಲ್ಲಿ ಗುಸುಗುಸು ಶುರುವಾಗಿತ್ತು. ಮುನವಳ್ಳಿಗೆ ಗಾಡಿ ಹೊಡೆದವರು, ಆ ಗೋದಾಮಿನ ಬಾಗಿಲು ತೆರೆದು ನೋಡಿದವರು ಅವರಲ್ಲೇ ಇದ್ದರು. ಅವರ ಪೈಕಿ ಯಾರೂ ಶಿರಾ ತಿನ್ನಲು ಮುಂದೆ ಬರಲಿಲ್ಲ.

ಮರುದಿನ ಭೋಂಗಾ ಕೂಗುವ ಮೊದಲೇ ಠೇವಣಿಯ ಕಿಡಕಿಯ ಮುಂದೆ ಸಾಲು ನಿಂತಿತ್ತು. ಮೊದಲ ವಾರ ಬಂದವರಿಗೆ ಹಣ ಮರಳಿ ಸಿಕ್ಕಿತು. ಎರಡನೆಯ ವಾರ ಚೀಟಿ ಕೊಟ್ಟು ಕಳಿಸಿದರು. ಅಪ್ಪನಿಗೆ ಆ ಸಾಲನ್ನು ನಿಭಾಯಿಸುವ ಪಾಳಿ ಬರಲಿಲ್ಲ. ಸಭೆಯ ಸಂಜೆಯೇ ಅವನಿಂದ ರಾಜೀನಾಮೆ ಬರೆಸಿಕೊಂಡಿದ್ದರು, ಮನೆ ಬಿಡಲು ಹದಿನೈದು ದಿನ. ಅವ್ವ ಅಳಲಿಲ್ಲ. ತಾಟು, ಚರಿಗೆ, ಡಬ್ಬಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿಟ್ಟು, ಕಡೆಯ ದಿನ ಖಾಲಿಯಾದ ಮೂರೂ ಕೋಣೆಗಳನ್ನು ಸಾರಿಸಿದಳು. ಬಿಟ್ಟುಹೋಗುವ ಮನೆಗೆ ಯಾಕವ್ವ ಎಂದೆ. ನನ್ನನ್ನು ಆಚೆ ಸರಿಸಿ ಹೊಸ್ತಿಲು ಒರೆಸಿದಳು. ರಾಮದುರ್ಗದಲ್ಲಿ ಒಂದು ನೂಲಿನ ಅಂಗಡಿಯ ಲೆಕ್ಕ ಬರೆಯುವ ಕೆಲಸ ಅಪ್ಪನಿಗೆ ಸಿಕ್ಕಿತು, ಅರ್ಧ ಪಗಾರಕ್ಕೆ. ಸಾಲಹಳ್ಳಿಯ ರಸ್ತೆಯ ಕಡೆ ಎರಡು ಕೋಣೆಯ ಬಾಡಿಗೆ ಮನೆ. ನೇಕಾರರ ಓಣಿ, ಅಲ್ಲಿಯೂ ಗೋಡೆ ಅಲುಗುತ್ತಿತ್ತು, ಆದರೆ ಅದು ಬೇರೆಯ ಸದ್ದು, ನಾವು ಅದಕ್ಕೆ ಹೊಂದಿಕೊಳ್ಳಲು ಬಹಳ ದಿನ ಹಿಡಿಯಿತು.

ಗಿರಣಿ ಮುಂದಿನ ಹತ್ತಿಯ ಸುಗ್ಗಿಯವರೆಗೂ ನಡೆಯಲಿಲ್ಲ. ಬ್ಯಾಂಕಿನವರು ಮುನವಳ್ಳಿ ಗೋದಾಮಿನ ಕೀಲಿ ಒಡೆಸಿದಾಗ ಒಳಗೆ ಏನಿತ್ತೆಂಬುದು ಊರಿಗೆಲ್ಲ ಗೊತ್ತಾಯಿತು. ಕಾಳು ಎಲ್ಲಿ ಹೋಯಿತೆಂಬುದು ಮಾತ್ರ ಇವತ್ತಿಗೂ ನನಗೆ ಗೊತ್ತಿಲ್ಲ. ಸಾಹುಕಾರರು ಮಾರಿ ಬೇರೆ ವ್ಯಾಪಾರಕ್ಕೆ ಹಾಕಿ ಕಳಕೊಂಡರು ಎಂದವರಿದ್ದರು, ಅಷ್ಟು ಕಾಳು ಎಂದೂ ಇರಲೇ ಇಲ್ಲವೆಂದವರೂ ಇದ್ದರು. ಕೆಲವರು ಅತ್ತಿಗೆ ಕೈ ಮುಗಿದರು. ಬಹಳ ಜನ ಬೈದರು. ಆ ಮುದುಕಿ ಬಾಯಿ ಮುಚ್ಚಿಕೊಂಡಿದ್ದರೆ ಗಿರಣಿ ಹೇಗೋ ನಡೆಯುತ್ತಿತ್ತು ಎಂಬ ಮಾತು ರಾಮದುರ್ಗದವರೆಗೂ ಬಂತು. ಅತ್ತಿ ಅದನ್ನು ಕೇಳಿ ಊಟ ಕಡಿಮೆ ಮಾಡಿದಳು. ಅಪ್ಪನೂ ಆಕೆಯೂ ಒಬ್ಬರ ಜೊತೆಗೊಬ್ಬರು ಮೊದಲಿಗಿಂತ ಹೆಚ್ಚು ಮಾತಾಡುತ್ತಿದ್ದರು. ಅಂಗಡಿಯ ಲೆಕ್ಕದಲ್ಲಿ ಸಿಕ್ಕಿಬಿದ್ದಾಗ ಅಪ್ಪ ಈಗ ನೇರವಾಗಿ ಅಕ್ಕನನ್ನೇ ಕೇಳುತ್ತಿದ್ದ. ಅವ್ವ ಮಾತ್ರ ಇನ್ನೂ ಗೋಡೆಗೇ ಹೇಳುತ್ತಿದ್ದಳು.

ಹಾಗೆ ಒಂದು ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಕಲ್ಲವ್ವ ನಮ್ಮ ಮನೆ ಹುಡುಕಿಕೊಂಡು ಬಂದಳು. ಬಿಸಿಲಲ್ಲಿ ನಡೆದು ಕರ್ರಗಾಗಿದ್ದಳು. ಅಪ್ಪ ಅಂಗಡಿಗೆ ಹೋಗಿದ್ದ. ನಾನು ನೀರು ಕೊಟ್ಟೆ, ಕುಡಿದು ಚರಿಗೆ ಪಕ್ಕಕ್ಕಿಟ್ಟಳು. ಅತ್ತಿಯ ಎದುರು ಕೂತಳು, ಆದರೆ ಬೆನ್ನು ಊರದೆ, ಎದ್ದುಹೋಗುವವರ ಹಾಗೆ.

"ನನ್ನ ಗಂಟ ಉಳೀತ್ರಿ ಬಾಯಾರ. ಪೋಸ್ಟಿನ್ಯಾಗ ಇಟ್ಟಿದ್ದೆ, ಮಗಳ ಲಗ್ನಾ ಆತು. ಖರೆ. ಆದ್ರ ಹದಿನಾರ ವರ್ಷ ಮಾಡಿದ ಕೆಲಸಾ ಹೋತು. ಈಗ ಮಂದಿ ಹೊಲದಾಗ ದಿನಗೂಲಿಗೆ ಹೋಗತೇನಿ, ಕರದ್ರ ಐತಿ, ಕರೀಲಿಲ್ಲಂದ್ರ ಇಲ್ಲ. ಒಂದ ಉಳಿಸಿ ಒಂದ ತಗದ್ರಲ್ರಿ. ಇದನ್ನ ಯಾವ ಕಡೆ ಬರೀತೀರಿ?"

ಅತ್ತಿ ಮಂಜಾದ ಕಣ್ಣುಗಳಿಂದ ಕಲ್ಲವ್ವನ ಮುಖ ಇರಬಹುದಾದ ಕಡೆ ನೋಡುತ್ತ, ಎರಡೂ ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ನನಗೆ ಏನಾದರೂ ಹೇಳಬೇಕೆನಿಸಿತು. ಆ ಹೊತ್ತಿಗೆ ಒಳಗಿನಿಂದ ಅವ್ವ ಬಂದಳು. ಹಿಟ್ಟಿನ ಕೈಯಲ್ಲೇ ಬಂದು, ಅತ್ತಿಯ ಪಕ್ಕ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಳು.

"ಅಕ್ಕಾರು ಕೇಳಿದ್ದು ಖರೆ ಇತ್ತು, ಕಲ್ಲವ್ವ," ಎಂದಳು. "ಗೋದಾಮು ಖಾಲಿ ಇತ್ತು. ನಾನೂ ನೋಡಿದ್ದೆ. ನೋಡಿಲ್ಲಂದಿದ್ದೆ. ನಿನ್ನ ಕೆಲಸಾ ಹೋತು, ನನ್ನ ಮನಿ ಹೋತು. ಖಾಲಿ ಮಾಡಿದವರನ್ನ ಕೇಳೂದ ಬಿಟ್ಟು ಇಬ್ಬರೂ ಇವರನ್ನ ಕೇಳಾಕ ಹತ್ತೇವಿ."

ಅತ್ತಿ ಅವ್ವನ ಕಡೆ ತಿರುಗಿದಳು. ಓಣಿಯ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಕಲ್ಲವ್ವ ಕಡೆಗೆ ಬೆನ್ನನ್ನು ಗೋಡೆಗೆ ಊರಿದಳು.

"ಬೈಲಹೊಂಗಲ ಬಸ್ಸಿಗೆ ಹೊತ್ತೈತೇನವ್ವಾ?"

"ಐತಿ," ಎಂದಳು ಅವ್ವ. ಎದ್ದು ಹೋಗಿ ಒಲೆಗೆ ಇನ್ನೆರಡು ಕಟ್ಟಿಗೆ ಹಾಕಿದಳು. "ಅಕ್ಕಾರ, ನೀವೂ ಬರ್ರಿ. ಊಟಕ್ಕ ಹಾಕೇನಿ."